ಅಮಾವಾಸ್ಯೆಯ ಒಂಟಿ ಮಗ್ಗ

ಮಗ್ಗದ ಕಾಕಾರ ಕಾಲಿನ ಹೆಬ್ಬೆರಳುಗಳು ಉಳಿದ ಬೆರಳುಗಳೊಡನೆ ಮಾತು ಬಿಟ್ಟಂತೆ ದೂರ ಸರಿದು ನಿಂತಿದ್ದವು. ತೆಲಂಗಾಣದ ಗಡಿಯಲ್ಲಿರುವ ನಾರಾಯಣಪೇಟೆಯ ನಮ್ಮ ಓಣಿಯಲ್ಲಿ, ಕುಣಿಮಗ್ಗದ ತಗ್ಗಿನೊಳಗೆ ಇಳಿಬಿಟ್ಟು ಜೀವಮಾನವಿಡೀ ತುಳಿದ ಕಾಲುಗಳವು. ಈಗಲೂ ನನ್ನ ಕನಸಿನಲ್ಲಿ ಬರುತ್ತವೆ, ಅಲುಗಾಡದೆ.

ಅಮಾವಾಸ್ಯೆಗೆ ಓಣಿಯ ಮಗ್ಗಗಳಿಗೆಲ್ಲ ರಜೆ. ಕಾಕಾ ಮಾತ್ರ ಅಂದು ಬೇಕೆಂದೇ ಬೇಗ ಮಗ್ಗಕ್ಕೆ ಕೂಡುತ್ತಿದ್ದರು. ದೇವರು ದಿಂಡಿರು ಅವರಿಗೆ ಆಗುತ್ತಿರಲಿಲ್ಲ. ಅವರ ಹಬ್ಬವೆಂದರೆ ಆಗಸ್ಟ್ ಹದಿನೈದು. ಮಗ್ಗಕ್ಕೆ ಬಟ್ಟೆ ಹೊದಿಸಿ, ಇಸ್ತ್ರಿ ಅಂಗಿ ತೊಟ್ಟು, ಮನೆಮನೆಗೂ ಮಿರ್ಚಿ ಭಜಿ ಹಂಚುತ್ತಿದ್ದರು.

"ಇದು ಯಾವ ದೇವ್ರ ಪ್ರಸಾದರಿ?" ಎಂದು ಯಾರಾದರೂ ಕೆಣಕಿದರೆ, "ಇವತ್ತು ದೇವ್ರಿಗೂ ರಜಾ ಐತಿ. ಆರೋದ್ರಾಗ ತಿನ್ರಿ," ಎನ್ನುವರು.

ನಮ್ಮವ್ವ ಅವರನ್ನು ಬೈಯುತ್ತಲೇ ಅವರನ್ನು ನಂಬಿದ್ದಳು. ಕ್ಯಾಲೆಂಡರ್ ನೋಡುತ್ತಿರಲಿಲ್ಲ. ಉಳಿದ ಮಗ್ಗಗಳು ಸುಮ್ಮನಾಗಿ ಕಾಕಾರದೊಂದೇ ಕೇಳಿದರೆ ಅಮಾವಾಸ್ಯೆ ಎಂದು ಪೂಜೆಗೆ ಕೂಡುತ್ತಿದ್ದಳು.

ಅಂಥದ್ದೇ ಒಂದು ಅಮಾವಾಸ್ಯೆ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನಾನು ಕಾಕಾರ ಪಕ್ಕ ಹರಟುತ್ತ ಕೂತಿದ್ದೆ. ಮಗ್ಗ ತಟ್ಟನೆ ನಿಂತಿತು. ಬಗ್ಗಿ ನೋಡಿದೆ. ತಗ್ಗಿನಲ್ಲಿ ನಾಗರಹಾವು. ಅವರ ಎಡಗಾಲ ಮೇಲೆ ಹಾದು ಹೆಡೆ ಎತ್ತಿತ್ತು. ನಾನು ಚೀರಿದೆ ಎಂದುಕೊಂಡೆ. ಸದ್ದೇ ಹೊರಟಿರಲಿಲ್ಲ.

ಆದರೂ ಓಣಿ ಓಡಿಬಂತು. ಅಮಾವಾಸ್ಯೆಯಂದು ಆ ಮಗ್ಗ ನಿಂತರೆ ಏನೋ ಆಗಿದೆ ಎಂದೇ ಲೆಕ್ಕ.

"ಅಮಾಸಿ ದಿನ ಕೂಡಬ್ಯಾಡಣ್ಣಾ ಅಂತ ಎಷ್ಟ್ ಬಡ್ಕೊಂಡೆ! ಈಗರೆ ನಾಗಪ್ಪಗ ಕೈ ಮುಗಿ!" ಅವ್ವ ಬಾಗಿಲಿನಿಂದಲೇ ಕೂಗಿದಳು.

"ಕೈ ಮುಗದ್ರ ಮೈ ಅಲಗತೈತವ್ವ," ಎಂದರು ಕಾಕಾ, ತುಟಿಯೂ ಅಲುಗದಂತೆ.

"ಬಾಯಿಲೆ ಬೇಡ್ಕೊ!"

"ಇದು ತೆಲುಗಿಂದೋ ಕನ್ನಡದ್ದೋ ಯಾರಿಗ್ಗೊತ್ತು? ಯಾವ ಭಾಷಾದಾಗ ಬೇಡ್ಲಿ?"

ಯಾರೋ ಬಟ್ಟಲಲ್ಲಿ ಹಾಲು ತಂದರು. "ಅದನ್ನ ಚಹಾಕ್ಕ ಇಡ್ರಿ," ಎಂದರು ಕಾಕಾ. ಅವರ ಹಣೆಯ ಬೆವರು ಮಗ್ಗದಲ್ಲಿದ್ದ ಹೊಸ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಹೆಬ್ಬೆರಳು ಒಮ್ಮೆ ನಡುಗಿದ್ದರೆ? ಅದರಿಂದಾಚೆ ಯೋಚಿಸಲು ನನಗೆ ಇಂದಿಗೂ ಆಗುವುದಿಲ್ಲ.

ಕೊನೆಗೆ ಹಾವು ಬೇಸರಗೊಂಡಂತೆ ಮೇಲೆ ಹತ್ತಿ ಬಾಗಿಲಿನತ್ತ ಹರಿಯಿತು. ನಾಗಪ್ಪ ತಾನಾಗಿ ದರ್ಶನ ಕೊಡಲು ಹೊರಟಾಗ ಭಕ್ತರೆಲ್ಲ ಚಪ್ಪಲಿ ಬಿಟ್ಟು ಪರಾರಿ!

ಹಾವು ಗಟಾರು ಸೇರಿದ ಮೇಲೆ ಅವ್ವ ಕಾಯಿ ಒಡೆದು, "ದೇವ್ರ ಉಳಿಸಿದ," ಎಂದಳು. ಕಾಕಾ ಒಂದು ಚೂರು ತೆಗೆದುಕೊಂಡರು. "ಕಾಯಿ ಮ್ಯಾಲ ನನಗೇನು ಸಿಟ್ಟಿಲ್ಲ." ತಿಂದು ಮತ್ತೆ ತಗ್ಗಿನೊಳಗೆ ಕಾಲು ಇಳಿಬಿಟ್ಟರು. ನಾನು ಚಕ್ಕಳಮಕ್ಕಳ ಹಾಕಿಯೇ ಕೂತೆ.

ಕಳೆದ ಚಳಿಗಾಲದಲ್ಲಿ ಕಾಕಾ ಜ್ವರ ಬಂದು ತೀರಿಕೊಂಡರು. ಅರ್ಧ ನೇಯ್ದ ಸೀರೆ ಮಗ್ಗದಲ್ಲೇ ಉಳಿಯಿತು. ಮುಂದಿನ ಅಮಾವಾಸ್ಯೆ ಓಣಿ ಪೂರ್ತಿ ಸುಮ್ಮನಿತ್ತು. ಅವ್ವ ದೀಪ ಹಚ್ಚಲು ಕೂತಳು, ಎದ್ದಳು, ಮತ್ತೆ ಕೂತಳು.

"ಆ ಸದ್ದಿಲ್ದ ಪೂಜಾ ಮಾಡಾಕ ಮನಸಾಗವಲ್ದು. ಹೋಗಿ ನಾಕು ಸಲ ಮಗ್ಗ ಬಡದು ಬಾರೋ."

ಕಾಕಾರ ಹೆಂಡತಿ ಕಾಕಿ ಬಾಗಿಲು ತೆರೆದರು. ತಗ್ಗಿನೊಳಗೆ ಟಾರ್ಚು ಬಿಟ್ಟು ನೋಡಿದೆ. ಇನ್ನೊಮ್ಮೆ ನೋಡಿದೆ. ಆಮೇಲೆ ಕಾಲು ಇಳಿಬಿಟ್ಟೆ. ನಾಲ್ಕನೆಯ ಏಟಿಗೆ ನಮ್ಮ ಮನೆಯಿಂದ ಪೂಜೆಯ ಗಂಟೆ ಕೇಳಿಸಿತು.