ಗಂಧಕದ ಕೋಣೆಯಲ್ಲಿ ಕಲಿತದ್ದು

ಬಿ.ಎಸ್ಸಿ. ಎರಡನೇ ವರ್ಷದ ಮೌಖಿಕ ಪರೀಕ್ಷೆಯ ದಿನ ನಾನು ಪ್ರಯೋಗಶಾಲೆಯ ಬಾಗಿಲತನಕ ಹೋಗಿ ತಿರುಗಿ ಬಂದೆ. ಒಳಗೆ ನನಗಿಂತ ಮುಂಚಿನ ಹುಡುಗಿಗೆ ಪರೀಕ್ಷಕರು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದರು, ಅವಳು ಮರಾಠಿಯಲ್ಲಿ ಉತ್ತರ ಹೇಳುತ್ತಿದ್ದಳು. ಜತ್ತದ ಆ ಕಾಲೇಜು ಗಡಿಯ ಮರಾಠಿ ಸೀಮೆಯದು. ನಾನು ಹತ್ತನೇ ಇಯತ್ತೆಯ ತನಕ ಕಲಿತದ್ದೆಲ್ಲ ಕರಜಗಿಯ ಕಡೆ, ಕನ್ನಡ ಸಾಲೆಯಲ್ಲಿ. ಮರಾಠಿ ನನಗೆ ಸಂತೆಯಲ್ಲಿ, ಬಸ್ಸಿನಲ್ಲಿ ಬರುತ್ತಿತ್ತು. ರಸಾಯನಶಾಸ್ತ್ರ ಹೇಳುವಷ್ಟು ಬರುತ್ತಿರಲಿಲ್ಲ. ನನ್ನ ಹೆಸರು ಕೂಗುವ ಮೊದಲೇ ಜತ್ತದ ಬಸ್ ಸ್ಟ್ಯಾಂಡಿನಲ್ಲಿದ್ದೆ.

ಮನೆಯಲ್ಲಿ ಅಪ್ಪ ಬೈಯಲಿಲ್ಲ. "ಮುಂದ ಏನ್ ಮಾಡ್ತಿ?" ಎಂದು ಒಂದೇ ಮಾತು ಕೇಳಿದರು. ನಾನು ಮೊಬೈಲಿನಲ್ಲಿ ನೋಡಿದ ಭಾಷಣದ ಮಾತನ್ನೇ ಒಪ್ಪಿಸಿದೆ. ಕಾಲೇಜಿನಲ್ಲಿ ಏನೂ ಇಲ್ಲ, ಬದುಕೇ ದೊಡ್ಡ ಸಾಲಿ, ನನ್ನಷ್ಟಕ್ಕೆ ನಾನೇ ಕಲಿಯುತ್ತೇನೆ ಅಂದೆ. ಹೇಳುವಾಗ ಧೈರ್ಯವಂತೆ ಅನ್ನಿಸಿತ್ತು. ಓಡಿ ಬಂದವಳು ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು.

ಸೋನ್ಯಾಳದ ಹತ್ತಿರ ನಮ್ಮ ಸೋದರಮಾವನದು ಒಣದ್ರಾಕ್ಷಿ ಮಾಡುವ ಶೆಡ್ಡು. ಹಂಗಾಮು ಶುರುವಾಗಿತ್ತು. ಅಲ್ಲಿಗೆ ಹೋಗಲಾರಂಭಿಸಿದೆ. ಜಾಲರಿಯ ಮೇಲೆ ಹಸಿ ದ್ರಾಕ್ಷಿ ಹರವುವುದು, ಒಣಗಿದ ಮೇಲೆ ತೊಟ್ಟು ಬಿಡಿಸಿ ಆರಿಸುವುದು, ಕೊನೆಗೆ ಕ್ರೇಟುಗಳಲ್ಲಿ ತುಂಬಿ ಒಂದು ಮುಚ್ಚಿದ ಕೋಣೆಯಲ್ಲಿಟ್ಟು ಗಂಧಕದ ಹೊಗೆ ಕೊಡುವುದು. ಆ ಹೊಗೆಯಿಂದ ಬಣ್ಣ ಹೊಂಬಣ್ಣಕ್ಕೆ ತಿರುಗುತ್ತದೆ, ಹುಳು ಬೀಳುವುದಿಲ್ಲ. ಅಲ್ಲಿ ಅದಕ್ಕೆ ಧುರಿ ಅನ್ನುತ್ತಾರೆ.

ಧುರಿಯ ಉಸ್ತುವಾರಿ ಒಬ್ಬ ಹೆಂಗಸಿನದು. ಬೆಳುಂಕಿಯಿಂದ ಬರುತ್ತಿದ್ದರು. ಐವತ್ತು ದಾಟಿದ ವಯಸ್ಸು, ಎತ್ತರದ ಮೈ, ಕಡಿಮೆ ಮಾತು. ಎಲ್ಲರೂ ಅವರನ್ನು ಖಾಲಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಕೋಣೆ ತೆರೆದ ಮೇಲೆ ಎಷ್ಟು ಹೊತ್ತಿಗೆ ಒಳಗೆ ಹೋಗಬಹುದು ಎಂದು ಕೇಳಿದರೆ "ನಾ ಹೇಳಿದಾಗ" ಅನ್ನುತ್ತಿದ್ದರು. ಅದೇನು ಲೆಕ್ಕ ಎಂದು ನನಗೆ ನಗು ಬರುತ್ತಿತ್ತು. ಒಂದು ದಿನ ಕೋಣೆಯ ಉದ್ದಗಲ ಅಳೆದು, ಸುಡುವ ಗಂಧಕದ ತೂಕ ಬರೆದುಕೊಂಡು, ಬಾಗಿಲು ತೆರೆದ ಮೇಲೆ ಗಾಳಿಯಾಡಲು ಎಷ್ಟು ಹೊತ್ತು ಸಾಕು ಎಂದು ವಹಿಯಲ್ಲಿ ಲೆಕ್ಕ ಹಾಕಿದೆ. ಮಾವನಿಗೆ ತೋರಿಸಿದೆ. "ನಮ್ಮ ಹುಡುಗಿ ಶ್ಯಾಣ್ಯಾಕಿ ಅದಾಳ," ಎಂದು ಅವರು ಕೆಲಸದವರ ಮುಂದೆ ಹೇಳಿದರು. ಖಾಲಾ ಏನೂ ಅನ್ನಲಿಲ್ಲ.

ಆ ದಿನ ಬೆಳಿಗ್ಗೆ ವ್ಯಾಪಾರಿಗಳು ಮಾಲು ನೋಡಲು ಬರುವವರಿದ್ದರು. ಖಾಲಾ ಬಂದು ಬಾಗಿಲು ತೆರೆದು, ಕೈಕಾಲು ತೊಳೆಯಲು ನೀರಿನ ಟಾಕಿಯ ಕಡೆ ಹೋದರು. ನಾನು ಮೊಬೈಲಿನಲ್ಲಿ ಹೊತ್ತು ನೋಡುತ್ತ ನಿಂತೆ. ನನ್ನ ಲೆಕ್ಕದ ಹೊತ್ತು ಮುಗಿಯಿತು. ಬಾಗಿಲಲ್ಲಿ ವಾಸನೆ ಅಷ್ಟೇನೂ ಇರಲಿಲ್ಲ. ಒಂದು ಕ್ರೇಟು ಹೊರಗೆ ತಂದು ಮಾವನಿಗೆ ತೋರಿಸಿಬಿಡೋಣ ಅಂದುಕೊಂಡು ಒಳಗೆ ಹೋದೆ.

ಕ್ರೇಟುಗಳ ಎರಡು ಸಾಲಿನ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಹೊಗೆ ಚೆನ್ನಾಗಿ ಹಿಡಿದ ಕ್ರೇಟು ಬೇಕೆಂದು ಹಿಂದಿನ ಗೋಡೆಯ ಹತ್ತಿರ ಹೋಗಿ ಕೈ ಚಾಚಿದೆ. ಮೂಲೆಯಲ್ಲಿ ಗಂಧಕ ಸುಡುವ ಕಬ್ಬಿಣದ ಬುಟ್ಟಿಯೊಳಗೆ ಸಣ್ಣದೊಂದು ನೀಲಿ ಉರಿ ಅಲ್ಲಾಡುತ್ತಿತ್ತು. ಚೆಂದ ಕಾಣಿಸಿತು. ಅದು ಏನೆಂದು ತಿಳಿಯುವುದಕ್ಕೂ ನನ್ನ ಗಂಟಲು ಮುಚ್ಚಿಕೊಳ್ಳುವುದಕ್ಕೂ ನಡುವೆ ಒಂದು ಉಸಿರಿನ ಅಂತರ ಇತ್ತೋ ಇಲ್ಲವೋ.

ಕೆಮ್ಮಿದೆ. ಕೆಮ್ಮಿದ ಮೇಲೆ ಉಸಿರು ಎಳೆಯಬೇಕಲ್ಲ, ಎಳೆದರೆ ಬೆಂಕಿ. ಕಣ್ಣುಗಳು ತಾವಾಗಿ ಮುಚ್ಚಿದವು, ತೆರೆಯಲು ಆಗಲಿಲ್ಲ. ಹಿಂದೆ ತಿರುಗಿದೆ, ಮೊಣಕೈ ತಾಗಿ ಕ್ರೇಟುಗಳು ಉರುಳಿದವು. ಎಲ್ಲಿ ದಾರಿ ಇತ್ತೋ ಅಲ್ಲಿ ಕ್ರೇಟು. ಕೈಯಾಡಿಸಿದೆ, ಗೋಡೆ. ಇನ್ನೊಂದು ಕಡೆ, ಅಲ್ಲೂ ಗೋಡೆ. ಹತ್ತು ಹೆಜ್ಜೆಯ ಕೋಣೆಯಲ್ಲಿ ಬಾಗಿಲು ಯಾವ ದಿಕ್ಕಿಗೆ ಎಂದು ಗೊತ್ತಾಗಲಿಲ್ಲ. ಅವ್ವಾ ಎಂದು ಕೂಗಲು ಹೋದೆ. ದನಿ ಬರಲಿಲ್ಲ. ಸಾಯುತ್ತೇನೆ ಅಂದುಕೊಂಡೆ. ಯಾವ ದೇವರೂ ನೆನಪಾಗಲಿಲ್ಲ, ಮೈಯೆಲ್ಲ ಬರೀ ಭಯ.

ಹೊಗೆಯಲ್ಲಿ ಸಿಕ್ಕರೆ ನೆಲಕ್ಕೆ ಬಗ್ಗಿ ತೆವಳಬೇಕು ಎಂದು ಎಲ್ಲೋ ನೋಡಿದ್ದೆ. ಮೊಣಕಾಲೂರಿದೆ. ಕೆಳಗೆ ಇನ್ನೂ ಕೆಟ್ಟದಾಗಿತ್ತು. ಆಗ ಕಾಲೇಜಿನ ಫಳಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಒಂದು ಸಾಲು, ನಾನು ಅರ್ಥ ಮಾಡಿಕೊಳ್ಳದೆ ಬರೆದುಕೊಂಡಿದ್ದ ಸಾಲು ನೆನಪಾಯಿತು: ಈ ಅನಿಲ ಗಾಳಿಗಿಂತ ಭಾರ. ಗೋಡೆ ಹಿಡಿದು ಎದ್ದು ನಿಂತೆ. ಕತ್ತು ಮೇಲೆತ್ತಿದೆ.

ಆಗ ಸದ್ದು ಕೇಳಿಸಿತು. ಯಾರೋ ತಗಡಿನ ಬಾಗಿಲನ್ನು ದಬದಬ ಬಡಿಯುತ್ತಿದ್ದರು. ಖಾಲಾರ ದನಿ.

"ಸದ್ದಿನ ಕಡಿ ಬಾ! ಉಸುರು ಹಿಡಿ! ಕ್ರೇಟ ದಾಟಿ ಬಾ, ಬಾ!"

ಬಡಿತ ನಿಲ್ಲಲಿಲ್ಲ. ಉರುಳಿದ ಕ್ರೇಟುಗಳ ಮೇಲೆ ಕಾಲಿಟ್ಟು, ಬಿದ್ದು, ಮತ್ತೆ ಎದ್ದು ಸದ್ದಿನ ಕಡೆಗೆ ಹೋದೆ. ಒಂದು ಕೈ ನನ್ನ ರಟ್ಟೆ ಹಿಡಿದು ಹೊರಗೆ ಎಳೆಯಿತು.

ಮಾವ ಓಡಿ ಬಂದು ನನ್ನನ್ನು ಮಲಗಿಸಲು ನೋಡಿದರು. "ಮಲಗಸಬ್ಯಾಡ್ರಿ! ಗಾಳಿಗಿ ಕುಂದರಸ್ರಿ. ಗಾಡಿ ತರ್ರಿ ಲಗೂನ!" ಎಂದು ಖಾಲಾ ಗದರಿದರು. ನನ್ನ ಕಣ್ಣಿಗೆ ಕೊಡದಿಂದ ನೀರು ಸುರಿಯುತ್ತಲೇ ಇದ್ದರು.

ಜತ್ತದ ದವಾಖಾನೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದರು. ಡಾಕ್ಟರು ಏನು ಹೊಗೆ ಎಂದು ಮಾವನನ್ನು ಕೇಳಿದರು. ಮಾವ "ಧುರೀದ್ರಿ" ಅಂದರು. ನಾನು ಒಡಕು ದನಿಯಲ್ಲಿ ಅನಿಲದ ಇಂಗ್ಲಿಷ್ ಹೆಸರು ಹೇಳಿದೆ. ಡಾಕ್ಟರು ತಿರುಗಿ ನೋಡಿದರು.

"ಕಾಲೇಜಿಗಿ ಹೋಗ್ತಿಯೇನ?"

"ಬಿಟ್ಟೀನ್ರಿ."

ಮೂರು ದಿನಕ್ಕೆ ಮನೆಗೆ ಕಳಿಸಿದರು. ಎದೆಯ ಉರಿ ಕೆಲವು ವಾರದಲ್ಲಿ ಹೋಯಿತು, ಭಯ ಹೋಗಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅವ್ವ ಹೊರಗೆ ಕೂತು ಮಾತಾಡುತ್ತಿರಬೇಕಿತ್ತು. ಯಾರಾದರೂ ಕಡ್ಡಿ ಗೀರಿದರೆ ಅಂಗಳಕ್ಕೆ ಓಡುತ್ತಿದ್ದೆ. ತುಂಬಿದ ಬಸ್ಸು ಹತ್ತಿ, ಮುಂದಿನ ನಿಲ್ದಾಣದಲ್ಲೇ ಇಳಿದು ಬೇಲಿಯ ಪಕ್ಕ ನಿಂತು ಗಾಳಿ ಕುಡಿದದ್ದುಂಟು.

ಭಯದ ಜೊತೆ ಇನ್ನೊಂದು ಮುಳ್ಳು ಇತ್ತು. ಖಾಲಾ ಬಾಗಿಲಲ್ಲೇ ನಿಂತು ಬಡಿದರು, ಒಳಗೆ ಬರಲಿಲ್ಲ. ನಾನು ಅವರ ಮಗಳಾಗಿದ್ದರೆ ಬರುತ್ತಿರಲಿಲ್ಲವೇ? ಒಂದು ಮಧ್ಯಾಹ್ನ ಅವರು ಕರ್ಚೀಫಿನಲ್ಲಿ ಒಣದ್ರಾಕ್ಷಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಅವ್ವ ಚಹಾ ಮಾಡಲು ಒಳಗೆ ಹೋದಾಗ ಕೇಳಿಯೇಬಿಟ್ಟೆ.

"ಖಾಲಾ, ನೀವು ಯಾಕ ಒಳಗ ಬರ್ಲಿಲ್ಲ?"

ಅವರು ಕರ್ಚೀಫಿನ ಗಂಟು ಬಿಚ್ಚಿ ಒಣದ್ರಾಕ್ಷಿಯನ್ನು ನನ್ನ ಮುಂದಿಟ್ಟರು.

"ನನಗ ಒಬ್ಬಾಕಿ ತಂಗಿ ಇದ್ಳವ್ವ," ಅಂದರು. "ಬ್ಯಾರೆ ಕಡಿ ಶೆಡ್ಡಿಗಿ ಇಬ್ರೂ ಕೂಡೇ ಹೋಗ್ತಿದ್ವಿ. ಅಲ್ಲಿ ಒಬ್ಬಾಕಿ ಹಿಂಗ ಧುರಿಯೊಳಗ ಸಿಕ್ಕಳು. ನಮ್ಮ ತಂಗಿ ಆಕೀನ ತರ್ತೀನಂತ ಓಡಿದ್ಳು. ಆಕಿ ಹೆಂಗೋ ಹೊರಗ ಬಂದ್ಳು. ನಮ್ಮ ತಂಗಿ ಬರ್ಲಿಲ್ಲ. ಹೊಗಿ ಆರಿದ ಮ್ಯಾಲ ನೋಡಿದ್ರ ಗ್ವಾಡಿ ಬುಡಕ ನೆಲದ ಮ್ಯಾಲ ಕುಂತಿದ್ಳು. ಕುಂತರ ಗಾಳಿ ಸಿಗತದ ಅಂತ ತಿಳದಿದ್ಳೋ ಏನೋ."

ನಾನು ಅವರ ಪಕ್ಕಕ್ಕೆ ಸರಿದು ಕೂತೆ.

"ನಾನೂ ಒಳಗ ಬಂದಿದ್ರ ಬಾಗಲಾ ಬಡಿಯಾವ್ರು ಯಾರು?" ಎಂದು ಅವರೇ ಮುಂದುವರಿಸಿದರು. "ಕಾಲು ಒಳಗ ಎಳೀತಿದ್ವು ಅವ್ವಿ. ಚೌಕಟ್ಟ ಹಿಡಕೊಂಡು ನಿಂತಿದ್ದೆ."

ಆ ಉರಿ ಹೇಗೆ ಉಳಿದಿತ್ತು ಎಂದು ಕೇಳಿದೆ. "ಹಸಿ ಗಂಧಕದ ಉರಿ ಮಲಗತದ, ಸಾಯಂಗಿಲ್ಲ. ಬಾಗಲಾ ತಗದ್ರ ಗಾಳಿ ಬಡದು ಮತ್ತ ಏಳತದ. ಅದಕ್ಕ ನಾ ದಿನಾ ಒಳಗ ಹೋಗೂಕಿಂತ ಮೊದಲ ಹಿಂದಿನ ಕಿಂಡಿಯೊಳಗಿಂದ ಬುಟ್ಟಿ ನೋಡ್ತೀನಿ. ನಿನಗ ಹೇಳಬೇಕಿತ್ತು. ನೀ ಕಲತಾಕಿ, ನಿನಗೇನ್ ಹೇಳೂದಂತ ಸುಮ್ಮನಾದೆ. ಅದು ನಂದ ತಪ್ಪ."

ನನ್ನ ಲೆಕ್ಕದಲ್ಲಿ ಗಂಧಕವೆಲ್ಲ ಸುಟ್ಟು ಮುಗಿದಿತ್ತು. ನನಗೆ ಅಳು ಬಂತು. ಅದು ನಿಂತ ಮೇಲೆ, ಕೋಣೆಯೊಳಗೆ ನೆಲಕ್ಕೆ ಬಗ್ಗಿದ್ದು, ಫಳಿಯ ಮೇಲಿನ ಸಾಲು ನೆನಪಾಗಿ ಎದ್ದದ್ದು ಎಲ್ಲ ಹೇಳಿದೆ. ಖಾಲಾ ಎರಡು ಸಲ ಕೇಳಿಸಿಕೊಂಡರು. "ಕೆಳಗ ಕುಂದರತದಾ ಅದು? ಬುಕ್ಕಿನ್ಯಾಗ ಬರದದಾ?" ಅಂದರು. ಹೌದು ಅಂದೆ.

"ನಮ್ಮ ತಂಗಿಗಿ ಇದನ್ನ ಯಾರೂ ಹೇಳ್ಲಿಲ್ಲ ನೋಡು," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಬದುಕಿನ್ಯಾಗ ಕಲೀತೀನಿ ಅಂತಿಯಂತ, ನಿಮ್ಮ ಮಾಮಾ ಹೇಳಿದ್ರು. ನಾ ಹಂಗ ಕಲತಾಕಿ ಅದೀನಿ. ಭಾಳ ತುಟ್ಟಿ ಬೀಳತದವ್ವ ಅದು. ನಿನಗ ಕಾಲೇಜದ ಬಾಗಲಾ ತಗದದ. ಹೋಗು," ಅಂದರು.

ಮುಂದಿನ ವರ್ಷ ಹೋದೆ. ಧೈರ್ಯ ಬಂತೆಂದು ಹೋದದ್ದಲ್ಲ. ಪ್ರಯೋಗಶಾಲೆಯಲ್ಲಿ ಕಿಟಕಿಯ ಪಕ್ಕದ ಮೇಜೇ ಬೇಕು ಎಂದು ಕೇಳಿ ಪಡೆದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ ಐದರಲ್ಲಿ ಎರಡಕ್ಕೆ ಉತ್ತರ ಹೇಳಿದೆ, ಅರ್ಧ ಮರಾಠಿ, ಅರ್ಧ ಇಂಗ್ಲಿಷು. ನಡುವೆ ಒಂದು ಕನ್ನಡ ಮಾತು ನುಸುಳಿತು. ಅವರು ನಕ್ಕರು, ನಾನೂ ನಕ್ಕೆ. ಅಂಚಿನ ಮೇಲೆ ಪಾಸಾದೆ.

ಈಗ ಡಿಗ್ರಿ ಮುಗಿದಿದೆ. ಮಾವನ ಶೆಡ್ಡಿನ ಕೆಲಸ ನಾನೇ ನೋಡುತ್ತೇನೆ. ಕೋಣೆಯ ನೆಲದ ಮಟ್ಟಕ್ಕೆ ಗೋಡೆ ಒಡೆದು ಫ್ಯಾನು ಕೂಡಿಸಿ ಎಂದಾಗ ಮಾವ, "ಹೊಗಿ ಎಲ್ಲ್ಯಾರ ಕೆಳಗಿಂದ ಹೋಗತದೇನ?" ಎಂದು ವಾದಿಸಿದ್ದರು. ಪುಸ್ತಕ ತೋರಿಸಿದೆ, ನಂಬಲಿಲ್ಲ. ಖಾಲಾ ತಮ್ಮ ತಂಗಿ ಸತ್ತ ಮಾತು ಹೇಳಿದರು. ಮರುದಿನವೇ ಗೋಡೆ ಒಡೆಯಲು ಗೌಂಡಿ ಬಂದ.

ಖಾಲಾ ಕಳೆದ ಹಂಗಾಮಿನಿಂದ ಬರುವುದನ್ನು ಬಿಟ್ಟಿದ್ದಾರೆ, ಮೊಣಕಾಲು ನೋವು. ಈ ವರ್ಷ ಹೊಸದಾಗಿ ಬಂದ ಹೆಂಗಸರನ್ನು ಬಾಗಿಲ ಮುಂದೆ ನಿಲ್ಲಿಸಿ ಎಲ್ಲ ಹೇಳಿದೆ. ದನಿ ನಡುಗುತ್ತಿತ್ತು. ಅವರಲ್ಲಿ ಒಬ್ಬಳು, "ಅಕ್ಕಾರ, ನಿಮಗ ಇನ್ನಾ ಅಂಜಿಕಿ ಬರತದೇನ್ರಿ?" ಎಂದು ಕೇಳಿದಳು.

"ಬರತದ," ಅಂದೆ. "ನಿಮಗೂ ಬರ್ಲಿ."