ಕುರುಗೋಡಿನ ಅರ್ಧ ಕಾರು

ಇಪ್ಪತ್ತೆಂಟು ವರ್ಷ ಗಣಿತದ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು. ಏನನ್ನೇ ಓದಿದರೂ ಅಂಕ ಕೊಡದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಮದುವೆ ಪತ್ರಿಕೆಯನ್ನೂ ತಿದ್ದಿದ್ದೇನೆ, ಹೋಟೆಲಿನ ಗೋಡೆಯ ತಿಂಡಿ ಪಟ್ಟಿಯನ್ನೂ ತಿದ್ದಿದ್ದೇನೆ. ಆದರೆ ಹೋದ ವರ್ಷದ ಬೇಸಿಗೆ ರಜೆಯಲ್ಲಿ ನಾನು ತಿದ್ದಿದಷ್ಟು ಕೆಟ್ಟ ಉತ್ತರಗಳನ್ನು ಶಾಲೆಯಲ್ಲೂ ಕಂಡಿರಲಿಲ್ಲ. ಅವು ಹಳೆ ಕಾರು ಮಾರುವವರು ಫೋನಿನಲ್ಲಿ ಹಾಕುವ ಜಾಹೀರಾತುಗಳು.

ಅವುಗಳ ಹಿಂದೆ ಬೀಳಲು ಕಾರಣ ನನ್ನ ಸೊಂಟ. ಬಳ್ಳಾರಿಯಿಂದ ಸಿರುಗುಪ್ಪದ ಶಾಲೆಗೆ ವರ್ಗವಾಗಿ, ಎರಡು ವರ್ಷ ಬಸ್ಸಿನ ಹಿಂದಿನ ಸೀಟಿನಲ್ಲಿ ಎತ್ತಿ ಕುಕ್ಕಿಸಿಕೊಂಡು ಓಡಾಡಿದ ಮೇಲೆ ಡಿಸ್ಕ್ ಜರುಗಿತ್ತು. ಬಸ್ಸು ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಡಾಕ್ಟರು ನೇರವಾಗಿಯೇ ಹೇಳಿಬಿಟ್ಟರು. ಕೆಲಸ ಬಿಡುವ ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಮ್ಮ ಮನೆಯವರಿಗೆ ಸೈಕಲ್ಲಿಗಿಂತ ದೊಡ್ಡದನ್ನು ಓಡಿಸಲು ಬಾರದು. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ ನಾನೇ ಡ್ರೈವಿಂಗ್ ಕಲಿತೆ. ಕಾರಾದರೆ ಬೇಕೆಂದಲ್ಲಿ ನಿಲ್ಲಿಸಿ, ಇಳಿದು, ಸೊಂಟ ನೆಟ್ಟಗೆ ಮಾಡಿಕೊಳ್ಳಬಹುದು. ಕೈಯಲ್ಲಿದ್ದದ್ದು ಮೂರೂವರೆ ಲಕ್ಷ. ಶಾಲೆ ಶುರುವಾಗುವುದರೊಳಗೆ ಕಾರು ಸಿಗಬೇಕು, ಸಿಗದಿದ್ದರೆ ಸ್ವಯಂ ನಿವೃತ್ತಿಯ ಅರ್ಜಿ ಬರೆಯಬೇಕು. ಆ ಅರ್ಜಿಯ ನಮೂನೆಯನ್ನು ಯಾರೋ ಪುಣ್ಯಾತ್ಮರು ಆಗಲೇ ನನಗೆ ಕಳಿಸಿಯೂ ಇದ್ದರು.

ದಿನಾ ಬೆಳಿಗ್ಗೆ ಚಹಾ ಹಿಡಿದು ಕುಳಿತರೆ ಎದ್ದೇಳಲು ಮನಸ್ಸಾಗುತ್ತಿರಲಿಲ್ಲ. ಒಬ್ಬರ ಫೋಟೋದಲ್ಲಿ ಕಪ್ಪು ಕನ್ನಡಕ ಹಾಕಿದ ಮಾಲೀಕರು ಎದೆಯುಬ್ಬಿಸಿ ನಿಂತಿದ್ದರು, ಕಾರು ಅವರ ಹಿಂದೆ ಅಡಗಿಕೊಂಡಿತ್ತು. ಇನ್ನೊಂದರಲ್ಲಿ ಬಾನೆಟ್ಟಿನ ಮೇಲೆ ಶಾವಿಗೆ ಒಣಹಾಕಿದ್ದರು. ಮತ್ತೊಬ್ಬರು ಐದು ಫೋಟೋ ಹಾಕಿದ್ದರು, ಐದೂ ಸ್ಟೇರಿಂಗಿನ ಮುಂದಿನ ದೇವರವು. 'ಇಂಜಿನ್ ಸೂಪರ್, ಒಂದು ರೂಪಾಯಿ ಕೆಲಸ ಇಲ್ಲ' ಎಂದು ಬರೆದ ಕಾರಿಗೆ ಮುಂದಿನ ಎರಡು ಚಕ್ರಗಳೇ ಇರಲಿಲ್ಲ, ಕಲ್ಲಿನ ಮೇಲೆ ನಿಂತಿತ್ತು. ಇನ್ನು ಬೆಲೆಗಳು. ಅದೇ ಕಂಪನಿಯ ಹೊಸ ಕಾರು ಷೋರೂಮಿನಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ಇವರಿಗೆ ಯಾರೂ ಹೇಳಿಲ್ಲವೇ ಎಂದು ಬೆರಗಾಗುತ್ತಿದ್ದೆ. ಕೆಳಗೆ ಮಾತ್ರ ತಪ್ಪದೆ ಒಂದು ಎಚ್ಚರಿಕೆ ಇರುತ್ತಿತ್ತು: ಟೈಂಪಾಸ್ ಮಾಡುವವರು ಫೋನ್ ಮಾಡಬೇಡಿ. ನಾನು ಮೊದಲು ಫೋನ್ ಮಾಡುತ್ತಿದ್ದದ್ದು ಅಂಥವರಿಗೇ.

ತಪ್ಪು ಉತ್ತರ ಕಂಡರೆ ನನಗೆ ಕುತೂಹಲ. ಹುಡುಗರು ಸುಮ್ಮಸುಮ್ಮನೆ ತಪ್ಪು ಬರೆಯುವುದಿಲ್ಲ, ಎಲ್ಲೋ ಒಂದು ಹೆಜ್ಜೆಯಲ್ಲಿ ದಾರಿ ತಪ್ಪಿರುತ್ತಾರೆ. ಆ ಹೆಜ್ಜೆ ಯಾವುದೆಂದು ಸಿಗುವವರೆಗೆ ನನಗೆ ಸಮಾಧಾನವಿಲ್ಲ. ಅದಕ್ಕೇ ಸಿರುಗುಪ್ಪದ ಒಬ್ಬ ಭತ್ತದ ವ್ಯಾಪಾರಿಯ ಕಾರು ನೋಡಲು ಹೋದೆ. ಹನ್ನೊಂದು ವರ್ಷದ ಹಳೆಯ ಕಾರು, ಕೇಳಿದ್ದು ಆರೂವರೆ ಲಕ್ಷ. ಜೊತೆಗೆ ಕೌಲ್ ಬಜಾರಿನ ನಮ್ಮ ಮೆಕ್ಯಾನಿಕ್ ಭಾಯ್ ಬಂದಿದ್ದರು. ಅವರು ಬಾನೆಟ್ ಎತ್ತಿ, ಮಾತಾಡದೆ ಇಳಿಸಿ, ಕೈ ಒರೆಸಿಕೊಳ್ಳತೊಡಗಿದರು. ಅಷ್ಟರಲ್ಲೇ ನನಗೆ ಗೊತ್ತಾಯಿತು. ಆದರೂ ಬೆಲೆ ಹೇಗೆ ಬಂತೆಂದು ವ್ಯಾಪಾರಿಯನ್ನು ಕೇಳಿದೆ. ಆತ ಸಂಕೋಚವಿಲ್ಲದೆ ಲೆಕ್ಕ ಬಿಡಿಸಿದ. ಕೊಂಡ ಬೆಲೆಗೆ ಸೀಟಿನ ಕವರು, ಟೇಪು, ಎರಡು ಸಲ ಹಾಕಿಸಿದ ಟೈರು, ಅಷ್ಟೂ ವರ್ಷದ ವಿಮೆ ಕೂಡಿಸಿದ್ದ. ಕಳೆಯುವುದು ಎಂಬುದೇ ಆ ಲೆಕ್ಕದಲ್ಲಿರಲಿಲ್ಲ. ಕಾರಿಗೆ ವಯಸ್ಸಾಗಿದೆಯಲ್ಲ ಎಂದೆ.

"ಹೊಲಕ್ಕ ವಯಸ್ಸಾಗಂಗಿಲ್ಲೇನ್ರಿ ಮೇಡಂ? ಕೊಂಡ ರೇಟಿಗಿಂತ ಕಡಿಮಿಗೆ ಹೊಲ ಮಾರಿದವ್ರು ಯಾರರ ಅದಾರೇನು? ಬಂಗಾರ ಮಾರ್ತಾರೇನು? ಕಾರಿಗೆ ಮಾತ್ರ ಯಾಕ ಈ ಅನ್ಯಾಯ?"

ಆ ಮನುಷ್ಯ ಹುಟ್ಟಿದಾಗಿನಿಂದ ನೋಡಿದ್ದು ಕಾಲುವೆ ನೀರಿನ ಹೊಲ. ಅದು ವರ್ಷ ಕಳೆದಂತೆ ಏರುವುದನ್ನು ಮಾತ್ರ ಅವನು ಬಲ್ಲ. ಉತ್ತರಕ್ಕೆ ಸೊನ್ನೆ ಕೊಟ್ಟರೂ ಹೆಜ್ಜೆಗಳಿಗೆ ಪೂರ್ತಿ ಅಂಕ ಕೊಟ್ಟು ಬಂದೆ. ಬರುವಾಗ ಭಾಯ್, ನಾನು ಕಾರು ಕೊಳ್ಳಲು ಹೊರಟಿದ್ದೇನೋ ಜನರನ್ನು ಪರೀಕ್ಷೆ ಮಾಡಲು ಹೊರಟಿದ್ದೇನೋ ಎಂದು ಕೇಳಿದರು. ಅವರ ಅರ್ಧ ದಿನದ ಕೂಲಿ ಎಣಿಸಿ ಕೊಟ್ಟೆ.

ಇಷ್ಟರ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ ಜಾಹೀರಾತು ಕುರುಗೋಡಿನದು. ಅದಕ್ಕೆ ಒಂದೇ ಫೋಟೋ. ಅದರಲ್ಲಿ ಬಿಳಿ ಕಾರಿನ ಹಿಂಭಾಗ, ಒಂದೂವರೆ ಬಾಗಿಲು, ಅಷ್ಟೇ. ಮುಂಭಾಗ ಎಡಗಡೆಯ ಅಂಚಿಗೆ ಕತ್ತರಿಸಿಹೋಗಿತ್ತು. ಬಲಗಡೆ ಮಾತ್ರ ಯಾರಿಗೂ ಬೇಡದ ಗೋಡೆ ಧಾರಾಳವಾಗಿ ಬಂದಿತ್ತು. ವಿವರ ಬರೆಯುವ ಜಾಗದಲ್ಲಿ 'ಕಾರ್ ಐತಿ' ಎಂದು ಬರೆದಿದ್ದರು. ಒಂಬತ್ತು ವರ್ಷದ ಕಾರಿಗೆ ಬೆಲೆ ಐದು ಲಕ್ಷ. ನಗು ಬಂದು, ಸೊನ್ನೆ ಕೊಟ್ಟು ಮುಂದೆ ಹೋದೆ. ಮರುವಾರ ನೋಡಿದರೆ ಅದೇ ಫೋಟೋ, ಬೆಲೆ ಐದೂವರೆ. ಅದರ ಮರುವಾರ ಆರು. ಗಿರಾಕಿ ಬಾರದಿದ್ದರೆ ಎಲ್ಲರೂ ಇಳಿಸುತ್ತಾರೆ, ಈ ಪುಣ್ಯಾತ್ಮ ಏರಿಸುತ್ತಿದ್ದಾನೆ! ನನಗೆ ನಿದ್ದೆ ಬರದಂತಾಯಿತು.

ಫೋನ್ ಮಾಡಿದೆ. ವಯಸ್ಸಾದ, ಗಟ್ಟಿಯಾದ ದನಿ. ಕಾರು ಕೊಳ್ಳುವವರ ಹತ್ತಿರ ಯಾರೂ ಹಾಗೆ ಮಾತಾಡಿದ್ದನ್ನು ಕೇಳಿಲ್ಲ. ಏಸಿ ಅಷ್ಟಕ್ಕಷ್ಟೆ ಎಂದರು. ಸ್ಟೇರಿಂಗು ಭಾರ, ಹೆಣ್ಣುಮಕ್ಕಳಿಗೆ ಆಗುವುದಿಲ್ಲ ಎಂದರು. ಬಳ್ಳಾರಿಯಲ್ಲೇ ಇದಕ್ಕಿಂತ ಒಳ್ಳೆಯವು ಸಿಗುತ್ತವೆ, ಬಿಸಿಲಲ್ಲಿ ಇಷ್ಟು ದೂರ ಯಾಕೆ ಬರುತ್ತೀರಿ ಎಂದು ನನ್ನ ಮೇಲೆ ಕನಿಕರವನ್ನೂ ತೋರಿಸಿದರು. ಹೆಣ್ಣುಮಕ್ಕಳಿಗೆ ಆಗುವುದಿಲ್ಲ ಎಂದಮೇಲೆ ನಾನು ಹೋಗದೆ ಇರುವುದುಂಟೆ? ಮರುದಿನವೇ ಭಾಯ್‌ರನ್ನು ಎಬ್ಬಿಸಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಬೀಜ, ಗೊಬ್ಬರದ ಅಂಗಡಿ ನಡೆಸಿ ಈಗ ಬಿಟ್ಟಿದ್ದ ಯಜಮಾನರು ಅವರು. ಮನೆಯಲ್ಲಿದ್ದದ್ದು ಗಂಡ, ಹೆಂಡತಿ ಇಬ್ಬರೇ, ಮಗಳ ಮನೆ ಎರಡು ಓಣಿ ಆಚೆ. ಕಾರಿಗೆ ತಗಡಿನ ನೆರಳು, ಮೇಲೆ ಹಳೆಯ ಜಮಖಾನ. ಅದನ್ನು ತೆಗೆದಾಗ ಭಾಯ್ ಮುಖ ಅರಳಿತು. ಇಂಜಿನ್ನಿನಲ್ಲಿ ಒಂದು ಅಪಸ್ವರವಿರಲಿಲ್ಲ. ಏಸಿ ಹಾಕಿದರೆ ಒಂದೇ ನಿಮಿಷಕ್ಕೆ ತಂಪು. ಸ್ಟೇರಿಂಗು ಬೆಣ್ಣೆ. ಒಳಗಡೆ ಸೀಟುಗಳನ್ನು ಪೂಜೆ ಪಾತ್ರೆಯ ಹಾಗೆ ಇಟ್ಟುಕೊಂಡಿದ್ದರು. ಒಂದೇ ವಿಚಿತ್ರವೆಂದರೆ ಎಡಗಡೆ. ಎಡಗಡೆಯ ಕನ್ನಡಿ ಒಡೆದು ಬೇರೆ ಹಾಕಿಸಿದ್ದರು. ಎಡಗಡೆಯ ಬಾಗಿಲಿನ ಉದ್ದಕ್ಕೂ ಗೀರು, ಮುಂದಿನ ಮಡ್ಗಾರ್ಡಿಗೂ ಗೀರು. ಬಲಗಡೆ ಒಂದೂ ಇಲ್ಲ. ಕೇಳಿದರೆ ಸಂತೆಯ ಎಮ್ಮೆಗಳು ಉಜ್ಜಿದವು ಎಂದರು. ಎಮ್ಮೆಗಳು ಯಾವಾಗಲೂ ಎಡಗಡೆಯೇ ಯಾಕೆ ಉಜ್ಜುತ್ತವೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರ ಹೆಂಡತಿ ಮಜ್ಜಿಗೆ ತಂದರು.

ಮಜ್ಜಿಗೆ ಕೊಟ್ಟು ಅವರು ಒಳಗೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತು, ದಯಮಾಡಿ ಈ ಕಾರು ಒಯ್ಯಿರಿ ಎಂದು ಗಂಡನ ಎದುರಿಗೇ ಹೇಳಿದರು. ಹಿಂದಿನ ದೀಪಾವಳಿಯ ಹೊತ್ತಿಗೆ ಯಜಮಾನರಿಗೆ ಸಣ್ಣಗೆ ಲಕ್ವಾ ಹೊಡೆದು ಹೋಗಿತ್ತಂತೆ. ಕೈಕಾಲು ಪೂರ್ತಿ ಸರಿಯಾದವು. ಕಣ್ಣಿನ ಒಂದು ಕಡೆಯ ನೋಟ ಹೋಗಿದೆ, ಇನ್ನು ಗಾಡಿ ಓಡಿಸಬಾರದು ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರಂತೆ. ಮಗಳು ಅತ್ತು ಕರೆದು, ಕಾರು ಮಾರುತ್ತೇನೆಂದು ಅಪ್ಪನ ಬಾಯಿಂದ ಮಾತು ತೆಗೆದುಕೊಂಡಿದ್ದಳು. ಯಜಮಾನರು ಮಾತಿಗೆ ತಪ್ಪದೆ ಮಾರಾಟಕ್ಕೆ ಹಾಕಿದರು. ಯಾರಾದರೂ ಫೋನ್ ಮಾಡಿದರೆ ಬೆಲೆ ಏರಿಸುತ್ತ ಹೋದರು. ಈಗಲೂ ಸೋಮವಾರ ಬಸವೇಶ್ವರ ಗುಡಿಗೆ, ಗುರುವಾರ ಹೊಲಕ್ಕೆ ಇಬ್ಬರೂ ಅದರಲ್ಲೇ ಹೋಗುತ್ತಾರಂತೆ.

ಯಜಮಾನರು ನಾಚಿಕೊಳ್ಳಲಿಲ್ಲ. "ಮಾರ್ತೀನಿ ಅಂತ ಮಾತು ಕೊಟ್ಟೀನ್ರಿ. ಇಷ್ಟಕ್ಕ ಮಾರ್ತೀನಿ ಅಂತ ಕೊಟ್ಟಿಲ್ಲ," ಎಂದರು. "ನಲವತ್ತು ವರ್ಷ ಓಡ್ಸೀನಿ. ನನ್ನ ಕಣ್ಣಿಗೆ ಏನು ಕಾಣತೈತಿ, ಏನು ಕಾಣಂಗಿಲ್ಲ ಅಂತ ಅವ್ರಿಗೆ ಗೊತ್ತೋ, ನನಗ ಗೊತ್ತೋ?"

ಅಂತೂ ಹೆಜ್ಜೆ ಸಿಕ್ಕಿತು ಎಂದು ನನಗೆ ಒಳಗೊಳಗೇ ಖುಷಿ. ಬೆಲೆ ಏರಿಸುವ ಉಪಾಯವನ್ನು ಮೆಚ್ಚಿ, ಅದಕ್ಕಿಂತ ಆ ಫೋಟೋ ಚೆನ್ನಾಗಿತ್ತು, ಅರ್ಧ ಕಾರಿನ ಫೋಟೋ ಹಾಕಿದರೆ ಯಾರು ಬರುತ್ತಾರೆ ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ಅರ್ಧ ಯಾಕೆ, ಪೂರಾ ಕಾರು ಬಂದಿದೆಯಲ್ಲ ಎಂದರು. ನನ್ನ ಫೋನು ಇಸಿದುಕೊಂಡು, ನಿಟ್ಟಿಸಿ ನೋಡಿ, ಪೂರಾ ಐತಿ ಎಂದು ಮತ್ತೆ ಹೇಳಿ ತಿರುಗಿ ಕೊಟ್ಟರು.

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಬೆಲೆ ಬೇಕೆಂದೇ ಬರೆದದ್ದು. 'ಕಾರ್ ಐತಿ' ಎಂಬುದೂ ಬೇಕೆಂದೇ ಬರೆದದ್ದು. ಫೋಟೋ ಮಾತ್ರ ಅವರು ನಿಜವಾಗಿ, ಮನಸ್ಸಿಟ್ಟು ತೆಗೆದದ್ದು, ಎಡಗಡೆ ಕತ್ತರಿಸಿಹೋದದ್ದು ಅವರಿಗೆ ಕಂಡೇ ಇಲ್ಲ.

ಆಗ ನಾನು ಮಾಡಿದ್ದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಅಷ್ಟಕ್ಕೇ ಬಿಟ್ಟು ಬರಬಹುದಿತ್ತು. ಆದರೆ ಗಣಿತದವರಿಗೆ ಉತ್ತರ ಬಂದಮೇಲೆ ತಾಳೆ ನೋಡುವ ಚಟ. ಇನ್ನೊಂದು ಫೋಟೋ ತೆಗೆಯಿರಿ ಅಣ್ಣಾರೆ, ನಮ್ಮ ಮನೆಯವರಿಗೆ ತೋರಿಸಬೇಕು ಎಂದೆ. ಕಾರಿನ ಮುಂದಿನ ದೀಪದ ಹತ್ತಿರ ಅಕ್ಕನವರೂ ನಿಲ್ಲಲಿ ಎಂದೆ. ಯಜಮಾನರು ನಿಂತ ಕಡೆಯಿಂದ ಅದು ಎಡಗಡೆ. ಹೆಂಡತಿ ಬೇಡ ಬೇಡ ಎನ್ನುತ್ತಲೇ ಸೆರಗು ಸರಿಮಾಡಿಕೊಂಡು, ಹಣೆಯ ಬೆವರು ಒರೆಸಿಕೊಂಡು, ನೆಟ್ಟಗೆ ನಿಂತರು. ಯಜಮಾನರು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಎರಡು ಹೆಜ್ಜೆ ಸರಿದು, ಒತ್ತಿದರು. ಇಬ್ಬರೂ ಚೆನ್ನಾಗಿ ಬಂದಿದ್ದೀರಿ, ಕಾರೂ ನೀನೂ, ಎಂದು ಹೆಂಡತಿಗೆ ತಮಾಷೆ ಮಾಡಿದರು.

ಭಾಯ್ ಮೊದಲು ನೋಡಿದರು, ನೋಡಿ ತಲೆ ತಗ್ಗಿಸಿದರು. ಆಮೇಲೆ ನಾನು ನೋಡಿದೆ. ಗೋಡೆ, ಕಾರಿನ ಹಿಂಭಾಗ, ಒಂದೂವರೆ ಬಾಗಿಲು.

ನಾನು ಫೋನನ್ನು ಯಜಮಾನರಿಗೆ ಕಾಣುವ ಬಲಗಡೆಗೆ ದೂರ ಸರಿಸಿ ಹಿಡಿದು, ಮುಖ ತಿರುಗಿಸದೆ ನೋಡಿ ಎಂದೆ. ಅವರು ನೋಡಿದರು. ಹೆಂಡತಿಯ ಕಡೆ ತಿರುಗಿ, ಅವರು ಇನ್ನೂ ದೀಪದ ಹತ್ತಿರ ನಿಂತಿರುವುದನ್ನು ನೋಡಿ, ಮತ್ತೆ ಫೋಟೋ ನೋಡಿದರು. ಬೆರಳಿನಿಂದ ಫೋಟೋವನ್ನು ಅತ್ತ ಸರಿಸಿದರು, ಆಚೆ ಇನ್ನೂ ಸ್ವಲ್ಪ ಇರಬಹುದೇನೋ ಎಂಬಂತೆ. ನನಗೆ ಆ ಗಳಿಗೆಯಲ್ಲಿ ನನ್ನ ಮೇಲೇ ಅಸಹ್ಯವಾಯಿತು. ಡಾಕ್ಟರು ಹೇಳಿದ್ದನ್ನು, ಮಗಳು ಅತ್ತದ್ದನ್ನು ತಡೆದುಕೊಂಡಿದ್ದ ಮನುಷ್ಯನನ್ನು ಗುರುತು ಪರಿಚಯವಿಲ್ಲದ ನಾನು ಅವರ ಮನೆಯ ಮುಂದೆ ನಿಲ್ಲಿಸಿ ಫೇಲು ಮಾಡಿದ್ದೆ.

ಅವರು ಕಟ್ಟೆಯ ಮೇಲೆ ಕುಳಿತು, ನೆಲ ನೋಡುತ್ತ, ಎಷ್ಟು ತಂದಿದ್ದೀರಿ ಎಂದು ಕೇಳಿದರು. ಮೂರೂವರೆ ಎಂದೆ. ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಬಾಯಿ ತಡೆಯಲಾಗದೆ, ಈ ಕಾರಿಗೆ ನಾಲ್ಕು ಬರುತ್ತದೆ, ಕಾದರೆ ಬೇರೆಯವರು ಕೊಡುತ್ತಾರೆ ಎಂದುಬಿಟ್ಟೆ. ಭಾಯ್ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದರು. ಯಜಮಾನರು ಕಾಯುವುದು ಬೇಡವೆಂದು ಕೈಯಾಡಿಸಿದರು. ಮೂರೂವರೆಗೇ ಕೊಡುತ್ತೇನೆ, ಇವತ್ತೇ ಒಯ್ಯಬೇಕು, ಸೋಮವಾರದ ತನಕ ಇಲ್ಲಿ ಇರಬಾರದು ಎಂದರು. ಹೆಂಡತಿ ಬೀರುವಿನಿಂದ ಕಾಗದಪತ್ರ ತಂದರು.

ಸಹಿಯೆಲ್ಲ ಆದಮೇಲೆ ಯಜಮಾನರು ಕೀಲಿ ಕೊಡಲು ನನ್ನ ಹತ್ತಿರ ಬರಲಿಲ್ಲ. ಕಾರನ್ನು ಸುತ್ತುಹಾಕಿ ಎಡಗಡೆಗೆ ಹೋದರು. ಆ ಉದ್ದನೆಯ ಗೀರಿನ ಮೇಲೆ ಮೊದಲ ಸಲ ನೋಡಿದವರಂತೆ ಬೆರಳಾಡಿಸಿ, ಬಾಗಿಲು ತೆಗೆದು, ಡ್ರೈವರ್ ಪಕ್ಕದ ಸೀಟನ್ನು ಬಹಳ ಹೊತ್ತು ನೋಡುತ್ತ ನಿಂತರು. ಹೆಂಡತಿ ಏನಾಯಿತೆಂದು ಹತ್ತಿರ ಹೋದರು.

"ನೀನು ಇಲ್ಲೇ ಕುಂದ್ರತಿದ್ದೆಲ್ಲ," ಎಂದರು ಅವರು.