ತಟ್ಟೆಯಗಲದ ಹೂವು, ಸಾಸರಿನಗಲದ ಹೂವು

ಕೊಚ್ಚಿಯಲ್ಲಿ ಕ್ಲೆಮ್ಯಾಟಿಸ್ ಹೂಬಳ್ಳಿ ಬೆಳೆಸುತ್ತೇನೆ ಎಂದಾಗ ಊಟಿಯ ಆ ನರ್ಸರಿಯ ಯಜಮಾನರು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನೊಮ್ಮೆ ಸರಿಯಾಗಿ ನೋಡಿದರು.

"ಕೊಚ್ಚಿಗಾ? ಅಲ್ಲಿ ಚಳಿಯೇ ಇಲ್ಲವಲ್ಲಮ್ಮ."

ನಾನಾಗ ಕೊಚ್ಚಿಯ ಬ್ಯಾಂಕೊಂದರಲ್ಲಿ ಅಧಿಕಾರಿ. ನನ್ನವರು ತಿರುವನಂತಪುರದಲ್ಲಿ, ತುಂಬ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ. ಇಬ್ಬರೂ ಮೈಸೂರಿನವರು, ಸಂಸಾರ ಮಾತ್ರ ಎರಡು ಊರುಗಳ ನಡುವಿನ ರೈಲಿನಲ್ಲಿ ನಡೆಯುತ್ತಿತ್ತು. ಹತ್ತು ವರ್ಷದ ಮಗಳು ನನ್ನ ಜೊತೆಗಿದ್ದಳು. ಆ ಮೇ ರಜೆಯಲ್ಲಿ ಮೂವರೂ ಊಟಿಗೆ ಹೋಗಿದ್ದೆವು. ನರ್ಸರಿಯ ಹಿಂದಿನ ಗೋಡೆಯ ಮೇಲೆ, ತಿಂಡಿ ತಟ್ಟೆಯಷ್ಟು ಅಗಲದ ಹೂಗಳು ಒಂದರ ಪಕ್ಕ ಒಂದು ಬಿಸಿಲಿಗೆ ಮುಖವೊಡ್ಡಿ ಕುಳಿತಿದ್ದವು. ಅಷ್ಟು ತೆಳ್ಳಗಿನ, ಒಣಗಿದ ಹುಲ್ಲಿನ ಬಣ್ಣದ ಬಳ್ಳಿಯಿಂದ ಅಷ್ಟು ದೊಡ್ಡ ಹೂವು ಹೇಗೆ ಬಂತೆಂದು ನನಗೆ ಅರ್ಥವೇ ಆಗಲಿಲ್ಲ. ಬೇಕೆಂದರೆ ಬೇಕು, ಅಷ್ಟೆ.

ಯಜಮಾನರು ತಾಳ್ಮೆಯಿಂದ ಹೇಳಿದರು. "ಇದರಲ್ಲಿ ಎರಡು ಥರ ಇದೆ. ಒಂದು ಹೋದ ವರ್ಷದ ಹಳೇ ಬಳ್ಳಿಯಲ್ಲಿ ಮೊಗ್ಗು ಬಿಡೋದು. ಅದಕ್ಕೆ ಚಳಿಗಾಲದಲ್ಲಿ ಒಳ್ಳೇ ನಿದ್ದೆ ಆಗ್ಬೇಕು. ಇನ್ನೊಂದು ಈ ವರ್ಷದ ಹೊಸ ಚಿಗುರಲ್ಲೇ ಹೂ ಬಿಡೋದು. ಬುಡದ ಹತ್ತಿರ ಕತ್ತರಿಸಿ ಹಾಕಿದ್ರೂ ಬರುತ್ತೆ. ನಿಮ್ಮ ಊರಿಗೆ ಏನಾದ್ರೂ ಆದ್ರೆ ಅದೇ ಆಗ್ಬೇಕು. ಹೂವು ಮಾತ್ರ ಸ್ವಲ್ಪ ಚಿಕ್ಕದು."

ಹೊಸ ಚಿಗುರಿನ ಜಾತಿಯನ್ನು ತೋರಿಸಿದರು. ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣದ, ಸಾಸರಿನಗಲದ ಹೂವು. ಗೋಡೆಯ ಮೇಲಿನವನ್ನು ನೋಡಿದ ಕಣ್ಣಿಗೆ ಅದು ಹಿಡಿಸಲಿಲ್ಲ. ನಾನು ಹಳೇ ಬಳ್ಳಿಯ ಎರಡನ್ನು ಆರಿಸಿದೆ. ಒಂದು ಗಾಢ ನೀಲಿಯದು, ಅದರ ಚೀಟಿಯಲ್ಲಿ 'ದಿ ಪ್ರೆಸಿಡೆಂಟ್' ಎಂದಿತ್ತು. ಇನ್ನೊಂದು ತಿಳಿಗುಲಾಬಿಯದು, ಪ್ರತಿ ದಳದ ನಡುವೆ ಕುಂಕುಮದ ಗೆರೆ ಎಳೆದಂತೆ ಪಟ್ಟೆ. ನನ್ನವರು ಯಾರ ಸಲಹೆಯನ್ನೂ ಸುಮ್ಮನೆ ಬಿಡುವವರಲ್ಲ. ಆ ಸಾಸರಿನ ಗಿಡವನ್ನು ತಾವೇ ಎತ್ತಿಕೊಂಡರು.

"ಇದು ನನ್ನದು. ತಿರುವನಂತಪುರಕ್ಕೆ."

"ಸರಿ, ನೋಡೋಣ ಯಾರದ್ದು ಮೊದಲು ಹೂ ಬಿಡುತ್ತೆ ಅಂತ" ಎಂದೆ. ತಮಾಷೆಗೇ ಹೇಳಿದ್ದು. ಆದರೆ ಪೂರ್ತಿ ತಮಾಷೆಯೂ ಆಗಿರಲಿಲ್ಲ.

ಕೊಚ್ಚಿಯಲ್ಲಿ ನಮ್ಮದು ಮಹಡಿ ಮನೆ. ತಾರಸಿಗೆ ಹೋದರೆ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ನೀರಿನಾಚೆ ಕತ್ತೆತ್ತಿ ನಿಂತಿರುವುದು ಕಾಣುತ್ತಿತ್ತು. ಈ ಬಳ್ಳಿಗೆ ತಲೆಯ ಮೇಲೆ ಬಿಸಿಲು ಬೇಕು, ಬೇರು ತಣ್ಣಗಿರಬೇಕು. ಹಾಗಾಗಿ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು ನಡುವೆ ಮರಳು ತುಂಬಿದೆ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಆಳಕ್ಕೆ ನೆಟ್ಟೆ. ಮಣ್ಣಿನ ಮೇಲೆ ತೆಂಗಿನ ಸಿಪ್ಪೆ ಹೊದಿಸಿದೆ, ಮಧ್ಯಾಹ್ನದ ಬಿಸಿಲಿಗೆ ಹಸಿರು ಬಲೆ ಕಟ್ಟಿದೆ. ಕೆಳಗಿನ ಮನೆಯ ಒಡತಿ ಅಮ್ಮಚ್ಚಿ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದರು.

"ಇದ್ ಕೋವಲ್ ಆಣೋ ಮೋಳೇ?" ಎಂದು ಕೇಳಿದರು. ತೊಂಡೆಬಳ್ಳಿಯಾ ಮಗಳೇ, ಎಂದು.

ಅಲ್ಲ, ಬರೀ ಹೂವು ಎಂದೆ. ಕಾಯಿ ಬಿಡದ ಬಳ್ಳಿಗೆ ಇಷ್ಟೆಲ್ಲ ಉಪಚಾರವೇ ಎಂದು ಅವರಿಗೆ ಅಯ್ಯೋ ಅನಿಸಿರಬೇಕು. ಮರುದಿನದಿಂದ ನಾನು ಬ್ಯಾಂಕಿಗೆ ಹೋದ ಮೇಲೆ ದಿನವೂ ಮೇಲೆ ಹತ್ತಿ ಎರಡೂ ಕುಂಡಗಳಿಗೆ ಗಂಜಿನೀರು ಹೊಯ್ಯುತ್ತಿದ್ದರಂತೆ. ಇದು ನನಗೆ ತಿಳಿದದ್ದು ಜುಲೈಯಲ್ಲಿ, ಪ್ರೆಸಿಡೆಂಟರ ಆರೋಗ್ಯ ಕೆಟ್ಟ ಮೇಲೆ. ಸಂಜೆ ನೋಡಿದಾಗ ತುದಿ ಜೋತುಬಿದ್ದಿತ್ತು. ಎರಡು ದಿನದಲ್ಲಿ ಬಳ್ಳಿಯಿಡೀ ಕಪ್ಪಾಯಿತು. ಗಂಜಿನೀರಿನ ಕೈವಾಡವೋ, ಬಿಡದೆ ಹೊಯ್ದ ಮಳೆಯದೋ, ಈ ಜಾತಿಗೆ ಬರುವ ಸೊರಗು ರೋಗವೋ ಗೊತ್ತಿಲ್ಲ. ನೆಲದ ಮಟ್ಟಕ್ಕೆ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ ಎಂದು ಓದಿದ್ದೆ. ಕತ್ತರಿಸಿ ಕಾದೆ. ಕುಂಡದಲ್ಲಿ ಒಂದು ಅಣಬೆ ಎದ್ದಿತು, ಮತ್ತೇನೂ ಇಲ್ಲ. ಆಗಸ್ಟಿನಲ್ಲಿ ಮಣ್ಣು ಕೊಡವಿ ಕುಂಡ ಬೋರಲು ಹಾಕಿದೆ.

ಪಟ್ಟೆಯ ಗಿಡ ಮಾತ್ರ ಹಟಮಾರಿ. ಈ ಬಳ್ಳಿ ಎಲೆಯ ತೊಟ್ಟಿನಿಂದಲೇ ಸಿಕ್ಕಿದ್ದನ್ನು ಸುತ್ತಿ ಹಿಡಿಯುತ್ತದೆ. ಕಂಬಿ ಹಿಡಿಯಿತು, ಬಟ್ಟೆ ಒಣಗಿಸುವ ಹಗ್ಗ ಹಿಡಿಯಿತು, ಶನಿವಾರ ಒಣಹಾಕಿ ಮರೆತ ಮಗಳ ಯೂನಿಫಾರ್ಮಿನ ತೋಳನ್ನು ಸೋಮವಾರ ಬೆಳಿಗ್ಗೆ ಬಿಡಿಸಬೇಕಾಯಿತು. ಮೊಗ್ಗು ಮಾತ್ರ ಒಂದೂ ಇಲ್ಲ. ಡಿಸೆಂಬರಿನಲ್ಲಿ ಅದಕ್ಕೆ ಊಟಿಯ ಭ್ರಮೆ ಹುಟ್ಟಿಸೋಣವೆಂದು ದಿನಾ ಬೆಳಿಗ್ಗೆ ಫ್ರಿಜ್ಜಿನ ಐಸ್ ತುಂಡುಗಳನ್ನು ಬುಡಕ್ಕೆ ಇಡತೊಡಗಿದೆ.

"ಅಮ್ಮೇ, ಚೆಡಿಕ್ಕ್ ಜಲದೋಷಂ ವರುಂ" ಎಂದಳು ಮಗಳು. ನಾನು ಕನ್ನಡದಲ್ಲಿ ಏನೇ ಕೇಳಿದರೂ ಅವಳ ಉತ್ತರ ಮಲಯಾಳದಲ್ಲೇ.

"ಗಿಡಕ್ಕೆ ನೆಗಡಿ ಬಂದ್ರೆ ನಾನೇ ವಿಕ್ಸ್ ಹಚ್ತೀನಿ, ನೀನು ಸ್ಕೂಲಿಗೆ ನಡಿ."

ಈ ನಡುವೆ ನನ್ನವರ ಗಿಡದ ವರದಿ ಫೋನಿನಲ್ಲಿ ಬರುತ್ತಿತ್ತು. ವರದಿ ಎಂದರೆ ಇಷ್ಟೇ.

"ಹೇಗಿದೆ ರೀ ನಿಮ್ಮ ಗಿಡ?"

"ಇದೆ."

"ಇದೆ ಅಂದ್ರೆ?"

"ಹಸಿರಾಗಿದೆ."

ಶನಿವಾರಗಳಲ್ಲಿ ಅವರೇ ಕೊಚ್ಚಿಗೆ ಬರುತ್ತಿದ್ದರು. ಮಗಳ ನೃತ್ಯದ ತರಗತಿ ಭಾನುವಾರ ಇದ್ದದ್ದರಿಂದ ನಾವು ಅತ್ತ ಹೋಗಲು ಆಗುತ್ತಿರಲಿಲ್ಲ. ಹಾಗಾಗಿ ಗಿಡವನ್ನು ನಾನು ನೋಡಿರಲಿಲ್ಲ. ಸಮುದ್ರದ ಉಪ್ಪುಗಾಳಿಗೆ ಪಾಪ ಮೂಲೆ ಹಿಡಿದಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡಾಗಲೆಲ್ಲ ಮನಸ್ಸಿಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮುಂದಿನ ಏಪ್ರಿಲ್‌ನಲ್ಲಿ ನನಗೂ ತಿರುವನಂತಪುರಕ್ಕೆ ವರ್ಗವಾಯಿತು. ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಪಟ್ಟೆಯ ಗಿಡವನ್ನು ಲಾರಿಗೆ ಒಪ್ಪಿಸಲು ಮನಸ್ಸಾಗಲಿಲ್ಲ. ಬಳ್ಳಿಯನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ, ಕುಂಡವನ್ನು ಕಾಲಸಂದಿಯಲ್ಲಿಟ್ಟುಕೊಂಡು ಮಗಳ ಜೊತೆ ಬೆಳಗಿನ ರೈಲಿನಲ್ಲಿ ಹೊರಟೆ. ಕೊಲ್ಲಂ ದಾಟುವಷ್ಟರಲ್ಲಿ ಅದರ ಎಲೆಯೊಂದು ಎದುರು ಸೀಟಿನ ಹೆಂಗಸಿನ ಚೀಲದ ಹಿಡಿಕೆಯನ್ನು ಹುಡುಕಿಕೊಂಡಿತ್ತು. ತಿರುವನಂತಪುರದ ತಂಪಾನೂರು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ನನ್ನವರು ಕುಂಡವನ್ನು ಇಸಿದುಕೊಂಡರು. "ಚೆನ್ನಾಗಿ ಬೆಳೆದಿದೆ ಕಣೇ" ಎಂದರು. ಆ ಮಾತಿನಲ್ಲಿ ಏನೋ ಒಂಥರಾ ಅತಿಯಾದ ಮೆಚ್ಚುಗೆಯಿತ್ತು.

ಅವರ ಬಾಡಿಗೆ ಮನೆಯ ಹಿಂದೆ ಒಂದು ಬಾವಿ. ಬಾವಿಕಟ್ಟೆಯ ನೆರಳಿನಲ್ಲಿ ಸಾಸರಿನ ಗಿಡ ಮೊಣಕಾಲೆತ್ತರಕ್ಕೆ ನೀಟಾಗಿ ಕತ್ತರಿಸಿಕೊಂಡು ನಿಂತಿತ್ತು. ನಾನು ಅದನ್ನು ಬಗ್ಗಿ ನೋಡುತ್ತಿರುವಾಗಲೇ ಪಕ್ಕದ ಮನೆಯ ಚೇಚಿ, ಎಂದರೆ ಅಕ್ಕ, ಒಂದು ಡಬ್ಬಿ ಅವಲೋಸುಂಡೆ ಎಂಬ ಅಕ್ಕಿಹಿಟ್ಟಿನ ಸಿಹಿಯುಂಡೆ ಹಿಡಿದು ಗೋಡೆಯಾಚೆ ಕಾಣಿಸಿಕೊಂಡರು. ಮಾತು ಶುರುವಾದದ್ದೇ ಹೂವಿನಿಂದ.

"ಆ ವಯಲೆಟ್ ಪೂವ್ ಎಂದ್ ಭಂಗಿ ಆಯಿರುನ್ನು!" ಎಷ್ಟು ಚೆಂದವಿತ್ತು ಆ ಹೂವು ಎನ್ನುತ್ತ, ಸಾರ್ ಎರಡು ಹೂ ತಂದುಕೊಟ್ಟಿದ್ದನ್ನು, ತಾನು ಅವನ್ನು ಬಟ್ಟಲ ನೀರಿನಲ್ಲಿ ತೇಲಿಬಿಟ್ಟು ಕೃಷ್ಣನ ಪಟದ ಮುಂದೆ ಇಟ್ಟಿದ್ದನ್ನು ವಿವರವಾಗಿ ಹೇಳಿದರು.

"ಎಪ್ಪೋಳ್?" ಎಂದೆ. ಯಾವಾಗ?

"ಓಣತ್ತಿನು ಮುಂಬ್." ಓಣಂಗೆ ಮೊದಲು. ಅಂದರೆ ಆಗಸ್ಟ್.

ಚೇಚಿ ಹೋದ ಮೇಲೆ ನಾನು ತಿರುಗಿ ನೋಡಿದೆ. ನನ್ನವರು ಬಾವಿಯ ರಾಟೆಗೆ ಎಣ್ಣೆ ಬೇಕೇನೋ ಎಂಬಂತೆ ಅದನ್ನೇ ಪರೀಕ್ಷಿಸುತ್ತಿದ್ದರು.

"ಹಸಿರಾಗಿದೆ ಅಂದ್ರಲ್ಲ ನೀವು? ಎಂಟು ತಿಂಗಳು?"

"ಹಸಿರಾಗೂ ಇತ್ತು."

"ರೀ!"

"ನೀನು ಆ ಪ್ರೆಸಿಡೆಂಟ್ ಕುಂಡ ಬೋರಲು ಹಾಕಿದ ವಾರ ಕಣೇ ಅದು ಅರಳಿದ್ದು. ಫೋನಲ್ಲಿ ಅಳ್ತಾ ಇದ್ದೆ."

"ನಾನೆಲ್ಲಿ ಅತ್ತೆ?"

"ಮೂಗು ಎಳ್ಕೋತಿದ್ದೆ. ಅಂಥಾ ಹೊತ್ತಲ್ಲಿ ನಂದು ಅರಳಿದೆ ಅಂತ ಹೇಗೆ ಹೇಳ್ಲಿ? ಮುಂದಿನ ವಾರ ಹೇಳೋಣ ಅಂದ್ಕೊಂಡೆ. ಹಾಗೇ ತಿಂಗಳಾಯ್ತು. ಆಮೇಲೆ ಹೇಳಿದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತೀಯ ಅಂತ ಭಯ ಆಯ್ತು."

ನನಗೆ ಸಿಟ್ಟು ಬಂದದ್ದು ನಿಜ. ಸೋತದ್ದಕ್ಕಲ್ಲ, ಎಂಟು ತಿಂಗಳು ನನ್ನನ್ನು ಮಗುವಿನಂತೆ ಸಂತೈಸಿದ್ದಕ್ಕೆ. ಆದರೆ ಲಾರಿಯಿಂದ ಇಳಿದ ಪಾತ್ರೆಗಳನ್ನು ಜೋಡಿಸುತ್ತ ಯೋಚಿಸಿದರೆ, ಅವರು ಅರಳಿದೆ ಎಂದಿದ್ದರೆ ನಾನು ಏನನ್ನುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೂವು ಚಿಕ್ಕದಲ್ಲವಾ, ಎನ್ನುತ್ತಿದ್ದೆ.

ಸಂಜೆ ಕಾಫಿ ಕೊಟ್ಟು, "ಫೋಟೋ ಆದ್ರೂ ತೆಗೆದಿದ್ದೀರಾ?" ಎಂದೆ.

ತೆಗೆದಿದ್ದರು. ನಲವತ್ತಕ್ಕೂ ಹೆಚ್ಚು. ಮೊಗ್ಗು, ಬಿರಿದ ಮೊಗ್ಗು, ಮಳೆಹನಿ ಹೊತ್ತ ಹೂವು, ಅಳತೆ ತಿಳಿಯಲೆಂದು ಸ್ಟೀಲ್ ಲೋಟದ ಪಕ್ಕದಲ್ಲಿ ಹೂವು. ಒಂದರಲ್ಲಿ ಅವರದೇ ಅಂಗೈ, ಅದರ ಮೇಲೆ ಹೂವು, ಹಿಂದೆ ಆಫೀಸಿನ ಗುರುತಿನ ಚೀಟಿ ನೇತಾಡುತ್ತಿದೆ. ಬಸ್ಸಿಗೆ ಹೊರಟವರು ನಿಂತು ತೆಗೆದದ್ದು. ಇದನ್ನೆಲ್ಲ ಒಬ್ಬರೇ ನೋಡಿಕೊಂಡು, ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದರಲ್ಲ ಎಂದು ನನಗೆ ಸಂಕಟವಾಯಿತು. ಬಾವಿಕಟ್ಟೆಯ ಮೇಲೆ ಮೂವರೂ ಕುಳಿತು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆವು.

"ಅಚ್ಛಾ, ಸೂಪ್ಪರ್!" ಎಂದಳು ಮಗಳು, ಮಲಯಾಳದಲ್ಲೇ ಅಪ್ಪನನ್ನು ಕರೆದು. ನಾನೂ ಚೆನ್ನಾಗಿದೆ ಎಂದೆ. ಚೆನ್ನಾಗೇ ಇತ್ತು.

ಪಟ್ಟೆಯ ಗಿಡ ತಿರುವನಂತಪುರದಲ್ಲೂ ಒಂದು ವರ್ಷ ಎಲೆ ಬಿಟ್ಟುಕೊಂಡೇ ಇತ್ತು. ಕೊನೆಗೆ ಮುನ್ನಾರ್ ಕಡೆಯ ಸಹೋದ್ಯೋಗಿಯೊಬ್ಬಳಿಗೆ ಕೊಟ್ಟೆ. ಮರುವರ್ಷದ ಮೇ ತಿಂಗಳಲ್ಲಿ ಅವಳು ಕಳಿಸಿದ ಚಿತ್ರದಲ್ಲಿ ಹೂವು ಅವಳ ತಾಯಿಯ ಮುಖಕ್ಕಿಂತ ಸ್ವಲ್ಪವೇ ಚಿಕ್ಕದು. ಒಂದು ಸಲ ಹೊಟ್ಟೆ ಉರಿಯಿತು, ಆಮೇಲೆ ಚಿತ್ರವನ್ನು ಊರಿನ ಎಲ್ಲರಿಗೂ ಕಳಿಸಿದೆ.

ಈಗ ಬಾವಿಯ ಸುತ್ತ ಹೊಸ ಚಿಗುರಿನ ಜಾತಿಯವೇ ಮೂರಿವೆ: ನೇರಳೆ, ಕಡುಗೆಂಪು, ಮತ್ತೊಂದು ಮಸುಕು ನೀಲಿ. ಕಡುಗೆಂಪು ಇಲ್ಲಿಯ ಸೆಖೆಗೆ ಮುಖ ಗಂಟಿಕ್ಕಿಕೊಂಡೇ ಇದೆ, ಬಿಟ್ಟರೆ ವರ್ಷಕ್ಕೆ ಎರಡು ಹೂವು. ಉಳಿದೆರಡು ಪರವಾಗಿಲ್ಲ. ಕತ್ತರಿಸುವ ಕೆಲಸ ನನ್ನದು, ನೀರಿನದು ಅವರದು. ಹೂವುದುರಿದ ಮೇಲೆ ಬೀಜದ ಜಾಗದಲ್ಲಿ ಬೆಳ್ಳಿಕೂದಲ ಉಂಡೆಯಂಥದ್ದೊಂದು ಉಳಿಯುತ್ತದೆ. ಕಳೆದ ವಾರ ಮಗಳು ಅದನ್ನು ಕಿತ್ತು ಕೆನ್ನೆಗೆ ಸವರಿಕೊಂಡು, "ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದಳು, ಕನ್ನಡದಲ್ಲೇ. ನನಗೆ ಗೊತ್ತಿರಲಿಲ್ಲ. ಅವರಪ್ಪನಿಗೂ ಗೊತ್ತಿರಲಿಲ್ಲ. ಮೂವರೂ ಒಂದೊಂದು ಹೆಸರು ಹೇಳಿದೆವು, ಯಾವುದೂ ಇನ್ನೂ ಒಪ್ಪಿಗೆಯಾಗಿಲ್ಲ.